ಯುಗಾದಿಯಿಂದ ಮಳೆ ಹಿಡಿಯುವವರೆಗೆ: ಸಂಘದ ಲೆಕ್ಕ, ಮನೆಯ ಕಾಗದ

ಮಲೆನಾಡಿನಲ್ಲಿ ವರ್ಷದ ಲೆಕ್ಕಪತ್ರ ಜೋಡಿಸಲು ಜನವರಿ ಒಂದನೇ ತಾರೀಖು ಹೊಂದುವುದಿಲ್ಲ. ಆಗ ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ನಡೆದೇ ಇರುತ್ತದೆ. ಮಂಡಿಯ ಪಟ್ಟಿಗಳೂ, ಅಂದರೆ ಅಡಿಕೆ ಮಾರಿದ ಲೆಕ್ಕದ ಚೀಟಿಗಳೂ, ಕೈ ಸೇರಿರುವುದಿಲ್ಲ. ಯುಗಾದಿಯೇ ಸರಿಯಾದ ಹೊತ್ತು. 2026ರಲ್ಲಿ ಹಬ್ಬ ಮಾರ್ಚ್ 19ಕ್ಕೆ, ಹಣಕಾಸು ವರ್ಷ ಮುಗಿಯುವುದು 31ಕ್ಕೆ. ನಡುವಿನ 12 ದಿನ ಸಂಘದ ಲೆಕ್ಕಕ್ಕೆ, ಏಪ್ರಿಲ್–ಮೇ ಮನೆಯ ಕಾಗದಕ್ಕೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಒಂದು ಕಾಗದವನ್ನೂ ಒಣಗಿಸಲಾಗದು.

ಸಂಘದ ಲೆಕ್ಕ

ಸ್ತ್ರೀಶಕ್ತಿ ಸಂಘವಿರಲಿ, ಬೇರೆ ಸ್ವಸಹಾಯ ಗುಂಪಿರಲಿ, ನಾಲ್ಕು ಪುಸ್ತಕ ಚಾಪೆಯ ಮೇಲೆ ಒಟ್ಟಿಗೆ ಬರಬೇಕು: ನಡವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯ–ಸಾಲದ ಲೆಡ್ಜರ್, ಬ್ಯಾಂಕ್ ಪಾಸ್‌ಬುಕ್. ಪಾಸ್‌ಬುಕ್‌ಗೆ ಹಿಂದಿನ ದಿನವೇ ಎಂಟ್ರಿ ಹಾಕಿಸಿಕೊಳ್ಳಿ. ಒಬ್ಬರು ಲೆಡ್ಜರನ್ನು ಗಟ್ಟಿಯಾಗಿ ಓದಲಿ, ಆಯಾ ಸದಸ್ಯೆ ತನ್ನ ಪುಸ್ತಕ ನೋಡಿ ‘ಸರಿ’ ಎನ್ನಲಿ. ಓದುವವರು ಲೆಕ್ಕ ಬರೆದವರೇ ಆಗಿರಬಾರದು. ತಾನು ಬರೆದ ತಪ್ಪು ತನ್ನ ಕಣ್ಣಿಗೆ ಬೀಳುವುದಿಲ್ಲ.

ಆಮೇಲೆ ಕೂಡಿಸಿ. 15 ಜನ, ತಿಂಗಳಿಗೆ 200 ರೂಪಾಯಿ ಎಂದರೆ ವರ್ಷದ ಉಳಿತಾಯ 36,000. ಬಂದ ಬಡ್ಡಿ 4,200, ಪುಸ್ತಕ, ಬಸ್ ಚಾರ್ಜಿನ ಖರ್ಚು 700 ಆಗಿದ್ದರೆ ಸಂಘದ ಹಣ 39,500 ಇರಲೇಬೇಕು. ಅದು ಎಲ್ಲೆಲ್ಲಿದೆ ನೋಡಿ: ಸದಸ್ಯರ ಮೇಲಿನ ಸಾಲ 27,000, ಬ್ಯಾಂಕಿನಲ್ಲಿ 11,900, ಪೆಟ್ಟಿಗೆಯಲ್ಲಿ 600. ತಾಳೆಯಾಯಿತು. ಹಳೆಯ ಸಂಘವಾದರೆ ಹಿಂದಿನ ವರ್ಷದ ಉಳಿಕೆಯನ್ನೂ, ಬ್ಯಾಂಕಿಗೆ ಕಟ್ಟಬೇಕಾದ ಸಾಲವಿದ್ದರೆ ಅದರ ಬಾಕಿಯನ್ನೂ ಮೊದಲ ಮೊತ್ತಕ್ಕೆ ಸೇರಿಸಿಕೊಳ್ಳಬೇಕು.

ತಾಳೆಯಾಗದಿದ್ದರೆ ಗಾಬರಿ ಬೇಡ. ಮೊದಲು ಬ್ಯಾಂಕ್ ಮುರಿದುಕೊಂಡ ಚಾರ್ಜು ನಗದು ಪುಸ್ತಕಕ್ಕೆ ಏರಿದೆಯೇ ನೋಡಿ. ಬಳಿಕ ಸಭೆಗೆ ಬಾರದವರ ಹೆಸರಿನ ಮುಂದೆ ಉಳಿತಾಯ ಬಂದಂತೆ ಬರೆದಿದೆಯೇ ಎಂದು ಹಾಜರಿಗೆ ಹೋಲಿಸಿ. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಹಿಂದುಮುಂದಾಗಿರುವ ಸಾಧ್ಯತೆ ಹೆಚ್ಚು: 540ರ ಬದಲು 450 ಬರೆದರೆ ತಪ್ಪುವುದು 90.

ಅಸಲು, ಬಡ್ಡಿಯನ್ನು ಒಂದೇ ಕಾಲಂನಲ್ಲಿ ಬರೆಯುವುದು ಎಲ್ಲಕ್ಕಿಂತ ಕೆಟ್ಟ ತಪ್ಪು. 10,000 ಸಾಲಕ್ಕೆ ತಿಂಗಳಿಗೆ ನೂರಕ್ಕೆ ಒಂದೂವರೆ ಬಡ್ಡಿಯಾದರೆ ಮೊದಲ ಕಂತಿನಲ್ಲಿ ಅಸಲು 1,000, ಬಡ್ಡಿ 150. ಒಟ್ಟಿಗೆ 1,150 ಎಂದು ಬರೆದು ಕಳೆದರೆ ಬಾಕಿ 9,000 ಇರಬೇಕಾದಲ್ಲಿ 8,850 ಕಾಣುತ್ತದೆ. ಮುಂದಿನ ತಿಂಗಳ ಬಡ್ಡಿಯೂ ತಪ್ಪುತ್ತದೆ, ಸಂಘ ಗಳಿಸಿದ ಬಡ್ಡಿ ಪುಸ್ತಕದಲ್ಲಿ ಎಲ್ಲೂ ಇರುವುದಿಲ್ಲ. ಹೊಸ ಪುಸ್ತಕಕ್ಕೆ ಗೆರೆ ಹಾಕುವಾಗಲೇ ಎರಡು ಕಾಲಂ ಮಾಡಿಬಿಡಿ.

ಕಡಿಮೆ ಬಿದ್ದ ಹಣವನ್ನು ಯಾರೂ ಕೈಯಿಂದ ಹಾಕಿ ಮುಚ್ಚಬಾರದು. ಇಷ್ಟು ವ್ಯತ್ಯಾಸ ಎಂದು ನಡವಳಿಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ತಪ್ಪಾದ ಅಂಕಿಯ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯಿರಿ. ವೈಟ್‌ನರ್ ಬೇಡವೇ ಬೇಡ. ಪ್ರತಿನಿಧಿಗಳು ಬದಲಾದರೆ ಅದೇ ಸಭೆಯಲ್ಲಿ ಠರಾವು ಮಾಡಿ, ಅದರ ನಕಲನ್ನು ಬ್ಯಾಂಕಿಗೆ ಕೊಡಿ. ಇಲ್ಲದಿದ್ದರೆ ಹಳೆಯವರ ಸಹಿಯಿಲ್ಲದೆ ಹಣ ತೆಗೆಯಲಾಗದು.

ಮನೆಯ ಕಾಗದ

ಟ್ರಂಕು, ಬೀರುವಿನಲ್ಲಿರುವುದನ್ನೆಲ್ಲ ಹೊರತೆಗೆದು ಜಗಲಿಯಲ್ಲಿ, ನೆರಳಿನಲ್ಲಿ ಹರಡಿ. ನೇರ ಬಿಸಿಲಿಗಿಟ್ಟರೆ ಹಳೆಯ ಶಾಯಿ ಮಾಸುತ್ತದೆ. ಸ್ಟೇಪ್ಲರ್ ಪಿನ್ನು, ಗುಂಡುಸೂಜಿ ಕೀಳಿ. ಮಳೆಗಾಲದ ತೇವಕ್ಕೆ ಅವು ತುಕ್ಕು ಹಿಡಿದು ಕಾಗದವನ್ನೇ ತೂತು ಮಾಡುತ್ತವೆ. ಬದಲಿಗೆ ದಾರ ಕಟ್ಟಿ. ನುಣುಪು ಕಾಗದದ ಚೀಟಿಗಳು, ಅಂದರೆ ಮನೆಬಾಗಿಲಲ್ಲೇ ಮುದ್ರಿಸಿ ಕೊಡುವ ಕರೆಂಟ್ ಬಿಲ್ಲು, ಎಟಿಎಂ ಚೀಟಿ ಕೆಲವು ತಿಂಗಳಲ್ಲೇ ಬೆಳ್ಳಗಾಗುತ್ತವೆ. ಬೇಕಾದವನ್ನು ಈಗಲೇ ಜೆರಾಕ್ಸ್ ಮಾಡಿಸಿ.

ಐದು ಕಟ್ಟು ಸಾಕು: ಜಮೀನು–ಮನೆ (ಕ್ರಯಪತ್ರ, ಪಹಣಿ, ಕಂದಾಯ ರಸೀದಿ), ಬ್ಯಾಂಕ್–ಸೊಸೈಟಿ ಸಾಲ, ಮಂಡಿ ಪಟ್ಟಿ, ವಿಮೆ–ಆಸ್ಪತ್ರೆ, ಗುರುತಿನ ಚೀಟಿಗಳು. ಇದಕ್ಕಿಂತ ಹೆಚ್ಚು ವಿಂಗಡಿಸಿದರೆ ಮತ್ತೆ ಅದೇ ಜಾಗಕ್ಕೆ ಇಡುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ. ಪ್ರತಿ ಕಟ್ಟಿನ ಮೇಲೂ ಒಳಗೇನಿದೆ ಎಂದು ಬಾಲ್‌ಪೆನ್ನಿನಲ್ಲಿ ಬರೆಯಿರಿ. ಜೆಲ್ ಪೆನ್ನಿನ ಶಾಯಿ ಒದ್ದೆಯಾದರೆ ಹರಡುತ್ತದೆ.

ಕ್ರಯಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಒಳಗಿನ ಪಸೆ ಅಲ್ಲೇ ಉಳಿಯುತ್ತದೆ, ಮೊಹರು ಪರೀಕ್ಷಿಸುವುದೂ ಕಷ್ಟ. ಪೂರ್ತಿ ಒಣಗದ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿದರೆ ಬೂಷ್ಟು ಖಂಡಿತ. ಟ್ರಂಕನ್ನು ಮಣ್ಣಿನ ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಮೇಲೆ ಎರಡು ಹಲಗೆ ಕೊಟ್ಟು ಇಡಿ. ಒರಲೆ ಮಣ್ಣು ಕಟ್ಟುತ್ತಾ ಬಂದರೆ ಆ ಸಂದಿಯಲ್ಲಿ ಕಣ್ಣಿಗೆ ಬೀಳುತ್ತದೆ.

ಕೊನೆಗೆ ಗೋಡೆಯ ಕ್ಯಾಲೆಂಡರು. ಸೊಸೈಟಿಯ ಬೆಳೆ ಸಾಲದ ಗಡುವನ್ನು ಅದರ ತಾರೀಖಿನಲ್ಲಲ್ಲ, ಹದಿನೈದು ದಿನ ಮೊದಲು ಗುರುತು ಹಾಕಿ. ಗಡುವು ದಾಟಿದರೆ ಬಡ್ಡಿ ರಿಯಾಯಿತಿ ತಪ್ಪುತ್ತದೆ. ಮೇ ಮಧ್ಯಕ್ಕೆ ಬೋರ್ಡೋ ಸಾಮಾನು ಎಂದು ಬರೆಯಿರಿ. ಬೋರ್ಡೋ ಎಂದರೆ ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬಾರದಂತೆ ಸಿಂಪಡಿಸುವ ದ್ರಾವಣ. 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ ಲೆಕ್ಕದಲ್ಲಿ ಕೇರಿಯ ನಾಲ್ಕು ಮನೆ ಸೇರಿ ತುತ್ತವನ್ನು ಮುಂಚೆಯೇ ತಂದಿಡಬಹುದು. ಸುಣ್ಣವನ್ನು ಮಾತ್ರ ಸಿಂಪಡಣೆಯ ವಾರದಲ್ಲೇ ತನ್ನಿ. ಗಾಳಿಗೆ ಬಿಟ್ಟ ಸುಣ್ಣ ಸತ್ವ ಕಳೆದುಕೊಳ್ಳುತ್ತದೆ, ಆಗ ದ್ರಾವಣ ಹುಳಿಯಾಗಿ ಎಳೆ ಕಾಯಿ ಸುಡುತ್ತದೆ.