ಬಾವಲಿ ಮರದ ಕೆಳಗೆ ರಂಗೋಲಿ ಪುಡಿ ಹಿಡಿದು ಕೂತದ್ದು

ಹೊಳಲ್ಕೆರೆ ತಾಲ್ಲೂಕಿನ ಒಂದು ಊರು, ಹೆಸರು ಬೇಡ. ಕೆರೆ ಏರಿ ಪಕ್ಕ ದೊಡ್ಡ ಆಲದ ಮರ, ಅದರ ತುಂಬಾ ಬಾವಲಿಗಳು. ಸಣ್ಣವಲ್ಲ, ರೆಕ್ಕೆ ಬಿಚ್ಚಿದರೆ ನಾಲ್ಕು ಅಡಿ ಬರುವಂಥವು. 2023ರ ಸೆಪ್ಟೆಂಬರಿನಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ಮತ್ತೆ ನಿಫಾ, ಅಂದರೆ ಬಾವಲಿಯಿಂದ ಹರಡಬಲ್ಲ ವೈರಸ್ ಜ್ವರ, ಬಂತಲ್ಲ, ಆಗ ಟಿವಿ ನೋಡಿದ ಹುಡುಗರು ಬಾವಲಿ ಓಡಿಸಲು ಪಟಾಕಿ ತಂದಿಟ್ಟುಕೊಂಡರು. ಮರ ಕಡಿಸಿ ಅಂತ ಪಂಚಾಯಿತಿಗೆ ಅರ್ಜಿಯೂ ಹೋಯಿತು. ನಾನು ಓದಿದ್ದು ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯ. ವನ್ಯಜೀವಿ ಕೆಲಸ ಮಾಡುವ ಗೆಳೆಯ "ಬಾವಲಿ ಎಣಿಸೋದು ನಂಗಿರ್ಲಿ, ಜನರ ಹತ್ರ ನೀನು ಮಾತಾಡು" ಅಂದ.

ಮಾತಾಡಿದೆ, ಜಾಸ್ತಿಯೇ ಮಾತಾಡಿದೆ. ಶಾಲೆ ಅಂಗಳದಲ್ಲಿ ಜನ ಸೇರಿಸಿ, ಬಾವಲಿ ಬೀಜ ಹರಡುತ್ತೆ, ವರ್ಷಕ್ಕೆ ಒಂದೇ ಮರಿ ಹಾಕುತ್ತೆ, ನಿಫಾಕ್ಕೆ ಸುಮ್ನೆ ಹೆದರಬೇಡಿ ಅಂತೆಲ್ಲ ಹೇಳಿದೆ. ಹಿಂದೆ ಕೂತಿದ್ದ ಅಜ್ಜಿ "ಅದೇನಪ್ಪ ನಿಫಾ?" ಅಂದರು. ಅಲ್ಲಿಯವರೆಗೂ ಅವರಿಗೆ ಆ ಹೆಸರೇ ಗೊತ್ತಿರಲಿಲ್ಲ! ಭಯ ಬಿಡಿಸಲು ಹೋಗಿ ನಾನೇ ಹಂಚಿ ಬಂದೆ. ಮೊದಲು ಹಣ್ಣು ತಿನ್ನುವ ಬಾವಲಿ ವನ್ಯಜೀವಿ ಕಾನೂನಿನಲ್ಲಿ ಇಲಿ, ಕಾಗೆ ಜೊತೆ ಹಾನಿಕಾರಕ ಪಟ್ಟಿಯಲ್ಲಿತ್ತು, ಕೊಂದರೂ ಕೇಸಿರಲಿಲ್ಲ, 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು ಅಂದಾಗ ಹುಡುಗರ ಮುಖ ಬಿಗಿಯಿತು. "ಹಂಗಾದ್ರೆ ನಮ್ಮೇಲೆ ಕೇಸ್ ಹಾಕ್ತೀರಾ ಸರ್?"

ಆಮೇಲೆ ಪ್ರಶ್ನಾವಳಿ ಹಿಡಿದು ಮನೆಮನೆಗೆ ಹೋದೆ. ಬಾವಲಿಯಿಂದ ತೊಂದರೆ ಇದೆಯಾ? "ಇಲ್ಲ ಸರ್, ಪಾಪ, ಅವೂ ಬದುಕಬೇಕಲ್ವಾ." ಎಲ್ಲರದ್ದೂ ಅದೇ ಉತ್ತರ. ಅರ್ಜಿಗೆ ಸಹಿ ಹಾಕಿದವರೂ ಹೀಗೇ ಹೇಳಿದಾಗ ಗೊತ್ತಾಯಿತು, ಇವರು ನನ್ನ ಮನಸ್ಸಿಗೆ ಹಿತವಾಗುವ ಉತ್ತರ ಕೊಡುತ್ತಿದ್ದಾರೆ ಅಂತ. ಆ ಹಾಳೆಗಳು ಇನ್ನೂ ನನ್ನ ಬ್ಯಾಗಲ್ಲೇ ಇವೆ.

ಮೂರನೇ ಸಲ ಹೋದಾಗ ಏನನ್ನೂ ಹೇಳಬಾರದು ಅಂದುಕೊಂಡೇ ಹೋದೆ. ಗಂಡಸರನ್ನು ಬೇರೆ, ಹೆಂಗಸರನ್ನು ಬೇರೆ ಕೂರಿಸಿದೆ. ಒಟ್ಟಿಗೆ ಕೂತರೆ ಗಂಡಸರೇ ಮಾತಾಡೋದು, ಇದು ಯಾವ ಊರಲ್ಲೂ ನೋಡಬಹುದು. ಹೆಂಗಸರ ಕೈಗೆ ರಂಗೋಲಿ ಪುಡಿ ಕೊಟ್ಟು ಊರಿನ ನಕ್ಷೆ ಬರೆಯಿರಿ ಅಂದೆ. ಕೆರೆ, ಗುಡಿ, ಅಂಗನವಾಡಿ, ಮರ ಎಲ್ಲ ಬಂತು. ನಂತರ ಹಿಡಿ ಹಿಡಿ ಹುಣಸೆ ಬೀಜ ಕೊಟ್ಟು, ಎಲ್ಲಿ ಕಷ್ಟವೋ ಅಲ್ಲಿಡಿ ಅಂದೆ. ಸಪೋಟ ತೋಟದ ಮೇಲೆ ನಾಲ್ಕೋ ಐದೋ ಬೀಜ. ಮರದ ಕೆಳಗಿನ ಸಿಸ್ಟನ್ ಮೇಲೆ ಗುಡ್ಡೆ! ನೀರಿನ ತೊಟ್ಟಿಗೆ ಮುಚ್ಚಳವಿರಲಿಲ್ಲ, ಹಿಕ್ಕೆಯೆಲ್ಲ ಅದರೊಳಗೇ. ಅದೇ ಅಜ್ಜಿ ಇನ್ನೊಂದು ಬೀಜ ಬಟ್ಟೆ ಒಣಹಾಕುವ ಜಾಗಕ್ಕೆ ತಳ್ಳಿ, "ಬಾವಲಿ ಇದ್ರೆ ಇರ್ಲಿ ಮಗಾ, ನನ್ ಸೀರೆ ಮೇಲೆ ಉಚ್ಚೆ ಹುಯ್ಯದಿದ್ರೆ ಸಾಕು" ಅಂದರು.

ಪಂಚಾಯಿತಿಯವರು ಸಿಸ್ಟನ್ನಿಗೆ ಶೀಟಿನ ಮುಚ್ಚಳ ಹಾಕಿಸಿದರು, ಬಟ್ಟೆ ಹಗ್ಗ ಆಚೆ ಹೋಯಿತು. ಕಚ್ಚಿದ ಹಣ್ಣು ತಿನ್ನಬೇಡಿ, ಬಿದ್ದ ಬಾವಲಿ ಮುಟ್ಟಬೇಡಿ ಅನ್ನುವ ಮಾತು ನನ್ನ ಬದಲು ಆಶಾ ಕಾರ್ಯಕರ್ತೆ ಅಕ್ಕನ ಬಾಯಲ್ಲಿ ಬಂತು. ಅವರು ಹೇಳಿದ್ದಕ್ಕೆ ಯಾರೂ ಎದುರಾಡಲಿಲ್ಲ. ಮರದ ಅರ್ಜಿ ಹಾಗೇ ತಣ್ಣಗಾಯಿತು.

ಸಪೋಟ ತೋಟದವರದ್ದು ಮಾತ್ರ ಬಗೆಹರಿದಿಲ್ಲ. ಅವರು ಹಾಕಿದ್ದ ಬಲೆಯ ಕಣ್ಣು ದೊಡ್ಡದು, ಎರಡು ಬಾವಲಿ ಸಿಕ್ಕಿ ಸತ್ತವು. ಕಿರುಬೆರಳೂ ತೂರದಷ್ಟು ಸಣ್ಣ ಕಣ್ಣಿನದು ಹಾಕಿ, ಬಿಗಿಯಾಗಿ ಎಳೆದು ಕಟ್ಟಿ ಅಂದೆ. "ದುಡ್ಡು ಯಾರು ಕೊಡ್ತಾರೆ ಮೇಷ್ಟ್ರೇ, ನೀವಾ?" ಅಂದರು. ಅರ್ಧ ಎಕರೆಗೆ ಎಷ್ಟಾಗುತ್ತೆ ಅಂತ ದಾವಣಗೆರೆಯ ಅಂಗಡಿಗಳಲ್ಲಿ ವಿಚಾರಿಸುತ್ತಿದ್ದೇನೆ.