ಚಳಿ ರಾತ್ರಿಯಲ್ಲಿ ನಿಲ್ಲುತ್ತಿದ್ದ ಕೋಲ್ಡ್ ರೂಮ್

ಮಡಿಕೇರಿಯ ನಮ್ಮ ಕೋಲ್ಡ್ ರೂಮ್ ಹಗಲು ಚೆನ್ನಾಗಿಯೇ ಓಡುತ್ತಿತ್ತು. ಡಿಸೆಂಬರ್ ರಾತ್ರಿಗಳಲ್ಲಿ ಮಾತ್ರ ಲೋ ಪ್ರೆಶರ್ ಸ್ವಿಚ್ (ಕಂಪ್ರೆಸರ್ ಎಳೆದುಕೊಳ್ಳುವ ಗ್ಯಾಸಿನ ಒತ್ತಡ ತೀರಾ ಇಳಿದರೆ ಅದನ್ನು ನಿಲ್ಲಿಸುವ ಸ್ವಿಚ್) ಟ್ರಿಪ್ ಆಗಿ ಕಂಪ್ರೆಸರ್ ನಿಲ್ಲುತ್ತಿತ್ತು. ಗ್ಯಾಸ್ ಕಮ್ಮಿ, ತುಂಬಿಸಿ ಅಂದರು ಮೆಕ್ಯಾನಿಕ್. ಸೋರಿಕೆಯಿದ್ದರೆ ಹಗಲೂ ತೊಂದರೆ ಕೊಡಬೇಕು, ಅಲ್ವಾ?

ರಾತ್ರಿ ಗೇಜ್ ಹಾಕಿ ನೋಡಿದೆ. ಗ್ಯಾಸನ್ನು ತಣಿಸಿ ದ್ರವ ಮಾಡುವ ಹೊರಗಿನ ಕಂಡೆನ್ಸರಿನ ಫ್ಯಾನ್ ಆ ಚಳಿಯಲ್ಲೂ ಜೋರಾಗಿ ತಿರುಗುತ್ತಲೇ ಇತ್ತು. ಇದರಲ್ಲಿರುವ ಆರ್-134ಎ ಗ್ಯಾಸ್ 40 ಡಿಗ್ರಿಯಲ್ಲಿ ದ್ರವವಾಗುವಾಗ ಗೇಜ್ ಸುಮಾರು 9 ಬಾರ್ ತೋರಿಸುತ್ತದೆ. ಚಳಿಯಲ್ಲಿ ಫ್ಯಾನ್ ಅತಿಯಾಗಿ ತಣಿಸಿ ಅದು 20 ಡಿಗ್ರಿಗೆ ಇಳಿದರೆ 5ಕ್ಕಿಂತ ಕಮ್ಮಿ. ದ್ರವವನ್ನು ಒಳಗೆ ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್‌ಗೆ ಅಷ್ಟು ಒತ್ತಡ ಸಾಲದು. ರೂಮನ್ನು ತಣಿಸುವ ಇವಾಪರೇಟರ್‌ಗೆ ದ್ರವ ಸಾಕಷ್ಟು ಹೋಗದೆ ಸಕ್ಷನ್ ಒತ್ತಡ (ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಕಡೆಯದು) ಕುಸಿಯುತ್ತದೆ, ಸ್ವಿಚ್ ಟ್ರಿಪ್ ಆಗುತ್ತದೆ.

ಫ್ಯಾನಿಗೆ ಪ್ರೆಶರ್ ಸ್ವಿಚ್ ಹಾಕಿಸಿದೆ: 9 ಬಾರ್‌ಗೆ ಆನ್, 6.5ಕ್ಕೆ ಆಫ್. ಗ್ಯಾಸ್ ಒಂದು ಗ್ರಾಮೂ ಸೇರಿಸಲಿಲ್ಲ. ಈಗ ರಾತ್ರಿಯೆಲ್ಲ ಓಡುತ್ತದೆ. ಸ್ವಿಚ್ ಕೊಳ್ಳುವಾಗ ಒತ್ತಡ ಏರಿದಾಗ ಆನ್ ಆಗುವಂಥದ್ದನ್ನೇ ಕೇಳಿ. ಹೈ ಪ್ರೆಶರ್ ಕಟೌಟ್ ಇದಕ್ಕೆ ಉಲ್ಟಾ, ಒತ್ತಡ ಏರಿದಾಗ ಆಫ್ ಆಗುತ್ತದೆ.