‘ಪಿಸುಗುಟ್ಟು’ ಪದದ ಬೇರನ್ನು ಹುಡುಕುವ ಬಗೆ

ಮುಂಬಯಿಯ ಮಾಟುಂಗಾದ ನಮ್ಮ ಮನೆಯಲ್ಲಿ ಮಗಳು ಒಮ್ಮೆ, ‘ಅಪ್ಪಾ, ಪಿಸು ಅಂತ ಗುಟ್ಟು ಹೇಳೋದಕ್ಕೇ ಪಿಸುಗುಟ್ಟು ಅಂತಾರಾ?’ ಎಂದು ಕೇಳಿದಳು. ಪದಮೂಲದ ವಿಷಯದಲ್ಲಿ ಇಷ್ಟು ಸೊಗಸಾಗಿ ಹೊಂದುವ ವಿವರಣೆಯನ್ನೇ ಮೊದಲು ಅನುಮಾನಿಸಬೇಕು.

ಪದವನ್ನು ಒಡೆಯುವ ಮುನ್ನ ಅದೇ ಅಚ್ಚಿನ ಇತರ ಪದಗಳನ್ನು ಬರೆದುಕೊಳ್ಳಿ: ವಟಗುಟ್ಟು, ಗೊಣಗುಟ್ಟು, ಲೊಚಗುಟ್ಟು. ಕಪ್ಪೆ ವಟಗುಟ್ಟುವುದರಲ್ಲಿ ಯಾವ ಗುಟ್ಟೂ ಇಲ್ಲ. ಇಲ್ಲಿ ‘ಗುಟ್ಟು’ ಎಂಬುದು ಸದ್ದನ್ನು ಅನುಕರಿಸುವ ಪದಕ್ಕೆ ಸೇರಿ ಅದನ್ನು ಕ್ರಿಯಾಪದವಾಗಿಸುತ್ತದೆ. ರಹಸ್ಯಕ್ಕೂ ಅದಕ್ಕೂ ನಂಟಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನೇ ತನ್ನ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣದಲ್ಲಿ ಅನುಕರಣ ಪದಗಳನ್ನು ಗಮನಿಸಿದ್ದಾನೆ.

ಬಳಿಕ ಮೊದಲ ಅಕ್ಷರವನ್ನು ನೋಡಿ. ಹಳಗನ್ನಡದ ಪಾಲ್, ಪೂ, ಪಲ್ಲಿ ಎಂಬವು ಹಾಲು, ಹೂ, ಹಲ್ಲಿಗಳಾದರೂ ಪಿಸು, ಪಟಪಟಗಳಲ್ಲಿ ಪಕಾರ ಉಳಿದಿದೆ. ಸದ್ದನ್ನೇ ನೆಚ್ಚಿಕೊಂಡ ಪದಗಳು ಇಂಥ ಬದಲಾವಣೆಗೆ ಸುಲಭವಾಗಿ ಒಗ್ಗುವುದಿಲ್ಲ.

ಅರ್ಥವನ್ನು ಗಂಟಲಿನಲ್ಲೇ ಪರೀಕ್ಷಿಸಬಹುದು. ಗಂಟಲ ಮೇಲೆ ಬೆರಳಿಟ್ಟು ಮೊದಲು ಮೆಲ್ಲಗೆ ಮಾತಾಡಿ, ಆಮೇಲೆ ಪಿಸುಗುಟ್ಟಿ. ಮೊದಲನೆಯದರಲ್ಲಿ ಕಂಪನ ತಿಳಿಯುತ್ತದೆ, ಎರಡನೆಯದರಲ್ಲಿ ಧ್ವನಿತಂತುಗಳು ಕಂಪಿಸದೆ ಉಸಿರಷ್ಟೇ ಮಾತಾಗುತ್ತದೆ. ಆಗ ದೂರದವರಿಗೆ ಎದ್ದು ಕೇಳುವುದು ಸಕಾರವೇ. ತೆಲುಗಿನ ಗುಸಗುಸ, ತಮಿಳಿನ ಕಿಸುಕಿಸು, ಹಿಂದಿಯ ಫುಸಫುಸಗಳಲ್ಲೂ ಅದೇ ಇದೆ. ಹಾಗೆಂದು ಒಂದರಿಂದ ಇನ್ನೊಂದು ಹುಟ್ಟಿತೆಂದು ಆತುರಪಡಬೇಡಿ. ಒಂದೇ ಸದ್ದನ್ನು ಕೇಳಿದ ಜನ ಬೇರೆಬೇರೆಯಾಗಿಯೂ ಒಂದೇ ಬಗೆಯ ಪದವನ್ನು ಕಟ್ಟಬಲ್ಲರು.

‘ಮೆಲ್ಲಗೆ’ಯ ದಾರಿ ಬೇರೆ. ಮೆದು ಎಂಬರ್ಥದ ‘ಮೆಲ್’ ತಮಿಳಿನ ಮೆಲ್ಲ, ಮಲಯಾಳದ ಮೆಲ್ಲೆಗಳೊಂದಿಗೆ ನಿಜವಾಗಿಯೂ ಒಂದೇ ಬೇರಿನದು. ಅದು ದನಿಯ ಮೃದುತ್ವವನ್ನೂ ನಡಿಗೆಯ ನಿಧಾನವನ್ನೂ ಹೇಳುತ್ತದೆ. ಮುಂಬಯಿಯಲ್ಲಿ ದಿನವೂ ನಮ್ಮ ಕಿವಿಗೆ ಬೀಳುವ ಮರಾಠಿಯ ‘ಹಳೂ’ ಕೂಡ ಹಾಗೆಯೇ.

ಇಷ್ಟಾದ ಮೇಲೆ 1894ರ ಕಿಟ್ಟೆಲ್ ನಿಘಂಟನ್ನೂ ಬರೋ ಮತ್ತು ಎಮೆನೋ ಅವರ ದ್ರಾವಿಡ ಪದಮೂಲ ನಿಘಂಟಿನ 1984ರ ಆವೃತ್ತಿಯನ್ನೂ ತೆರೆಯಿರಿ. ಮೊದಲೇ ತೆರೆದರೆ ಸಿಕ್ಕ ಮೊದಲ ಅರ್ಥಕ್ಕೇ ಮನಸ್ಸು ಅಂಟಿಕೊಳ್ಳುತ್ತದೆಂಬುದು ನನ್ನ ಅನುಭವ. ಕೊನೆಗೆ ಎರಡೂ ಪದಗಳನ್ನು ವಾಕ್ಯದಲ್ಲಿಟ್ಟು ನೋಡಿ: ಲೋಕಲ್ ರೈಲು ದಾದರಿಗೆ ಮೆಲ್ಲಗೆ ಬಂದೀತು, ಪಿಸುಗುಟ್ಟುತ್ತ ಬಾರದು.